ಓದುಗರ ಪ್ರಶ್ನೆ: ಬೀದಿಯವರೂ ಬೀಟ್ ಪೊಲೀಸರೂ

ಮನೆಗಳ್ಳತನ ತಡೆಯುವ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಹಾಸನದ ಸಾಲಗಾಮೆ ರಸ್ತೆ ಕಡೆಯ ಬಡಾವಣೆ, 42 ಮನೆಗಳಿವೆ. ಹೋದ ಬೇಸಿಗೆಯಲ್ಲಿ ಎರಡು ಮನೆ ಕಳ್ಳತನವಾದವು. ಎಲ್ಲರೂ ಸೇರಿ ಪೊಲೀಸರ ಜೊತೆ ಏನಾದರೂ ಮಾಡೋಣ ಎಂದು ವಾಟ್ಸ್ಆ್ಯಪ್ ಗ್ರೂಪ್ ತೆರೆದೆವು. ಈಗ ಅದರಲ್ಲಿ ಬರುವುದು ಗುಡ್ ಮಾರ್ನಿಂಗ್ ಮಾತ್ರ. ಎಲ್ಲಿಂದ ಶುರು ಮಾಡಬೇಕಿತ್ತು?

ಉತ್ತರ: ಠಾಣೆಯಿಂದ. ಮೊದಲು ನಿಮ್ಮ ಬೀದಿ ಯಾವ ಠಾಣೆಗೆ ಸೇರುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಎಷ್ಟೋ ಕಡೆ ರಸ್ತೆಯೇ ಠಾಣೆಗಳ ಗಡಿ. ಎಡಗಡೆಯ ಮನೆ ಒಂದು ಠಾಣೆಗೆ, ಬಲಗಡೆಯದು ಇನ್ನೊಂದಕ್ಕೆ ಸೇರಿರುತ್ತದೆ. ಆಮೇಲೆ ನಿಮ್ಮ ಬೀಟ್ ಯಾವುದು, ಬೀಟ್ ಪೊಲೀಸರು ಯಾರು, ಅವರ ನಂಬರ್ ಏನು ಎಂದು ಕೇಳಿ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ಪದ್ಧತಿ ಬಂದ ಮೇಲೆ ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್‌ಗೆ ವಹಿಸುತ್ತಾರೆ. ಸ್ಥಳೀಯರನ್ನೂ ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳುತ್ತಾರೆ. 2025ರ ಜುಲೈನಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮವೂ ಇದೇ ಬೀಟ್ ಪದ್ಧತಿಯನ್ನು ಆಧರಿಸಿದ್ದು. ಹಾಗಾಗಿ ನಿಮ್ಮ ಬೀಟ್ ಪೊಲೀಸರು ಯಾರು ಎಂದು ಕೇಳುವುದು ಉಪಕಾರ ಬೇಡಿದಂತಲ್ಲ.

ಹೋಗುವಾಗ ಹಿಂಡು ಕಟ್ಟಿಕೊಂಡು ಹೋಗಬೇಡಿ, ಮೂವರು ಸಾಕು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲೋ ಗಣಪತಿ ಬಿಡುವ ವಾರದಲ್ಲೋ ಹೋದರೆ ಠಾಣೆಯಲ್ಲಿ ಕಾವಲಿನ ಸೆಂಟ್ರಿ, ಕಡತ ಬರೆಯುವ ರೈಟರ್ ಬಿಟ್ಟರೆ ಹೆಚ್ಚು ಜನ ಸಿಗುವುದಿಲ್ಲ, ಮಿಕ್ಕವರು ಬಂದೋಬಸ್ತಿನಲ್ಲಿರುತ್ತಾರೆ.

ಕೈಯಲ್ಲಿ ಒಂದು ಹಾಳೆ ಇರಲಿ. ಬೀದಿಯ ನಕ್ಷೆ ಕೈಯಲ್ಲೇ ಬರೆದು ಮನೆ ನಂಬರ್, ಪ್ರತಿ ಮನೆಯ ಎರಡು ಫೋನ್ ನಂಬರ್, ಹಗಲು ಮನೆಯಲ್ಲಿ ಯಾರಿರುತ್ತಾರೆ, ಯಾವ ಮನೆಗೆ ಕ್ಯಾಮೆರಾ ಇದೆ, ಖಾಲಿ ಸೈಟು ಎಲ್ಲಿದೆ, ಬೆಳಗದ ಬೀದಿದೀಪ ಯಾವುದು ಎಂದು ಗುರುತಿಸಿ. ಒಂದು ಪ್ರತಿ ಬೀಟ್ ಪೊಲೀಸರಿಗೆ, ಇನ್ನೊಂದು ಬೀದಿಯ ಜವಾಬ್ದಾರಿ ಹೊತ್ತವರಿಗೆ. ಇದರ ಫೋಟೊ ಗ್ರೂಪಿಗೆ ಹಾಕಬೇಡಿ. ಹಗಲು ಯಾರ ಮನೆ ಖಾಲಿ ಎನ್ನುವ ಪಟ್ಟಿ ಯಾರ ಯಾರ ಫೋನಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ.

42 ಮನೆಗೆ ಒಬ್ಬರೇ ಮುಖಂಡರು ಸಾಲದು. ಹತ್ತು ಹನ್ನೊಂದು ಮನೆಗೆ ಒಬ್ಬರಂತೆ ನಾಲ್ಕು ಜನ, ಅವರಿಲ್ಲದಾಗ ನೋಡಿಕೊಳ್ಳಲು ಇನ್ನು ನಾಲ್ಕು ಜನ ಬೇಕು. ಬೆಳಿಗ್ಗೆ 9ಕ್ಕೆ ಆಫೀಸಿಗೆ ಹೊರಡುವ ಉತ್ಸಾಹಿಗಿಂತ ದಿನವಿಡೀ ಜಗಲಿಯ ಮೇಲೆ ಕಣ್ಣಿಟ್ಟಿರುವ ನಿವೃತ್ತರು, ಮನೆಯಲ್ಲಿರುವ ಹೆಂಗಸರು ಈ ಕೆಲಸಕ್ಕೆ ಹತ್ತು ಪಾಲು ಮೇಲು. ಕಳ್ಳತನ ರಾತ್ರಿಯೇ ಆಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗಿ, ಉಳಿದವರು ಊಟ ಮಾಡಿ ಮಲಗುವ ಹೊತ್ತೂ ಕಳ್ಳರಿಗೆ ಅನುಕೂಲದ್ದೇ.

ಗ್ರೂಪ್ ಉಳಿಸಿಕೊಳ್ಳಬೇಕೆಂದರೆ ಎರಡು ಮಾಡಿ. ಹಬ್ಬದ ಶುಭಾಶಯಕ್ಕೆ ಹಳೆಯದು ಇರಲಿ. ಹೊಸದರಲ್ಲಿ ಮನೆಗೆ ಒಬ್ಬರು, ಬರೆಯುವುದು ಬೀದಿಯಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ, ಫಾರ್ವರ್ಡ್ ಇಲ್ಲವೇ ಇಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಸೇರಿ, ಎರಡು ತಿಂಗಳಿಗೊಮ್ಮೆ ಬೀಟ್ ಪೊಲೀಸರನ್ನು ಕರೆಯಿರಿ. ಇಂಥ ಗುಂಪುಗಳು ಸಾಮಾನ್ಯವಾಗಿ ಕೆಡುವುದು ಬೀಟ್ ಪೊಲೀಸರಿಗೆ ವರ್ಗವಾದಾಗ. ಹೊಸಬರು ಬಂದ ವಾರದಲ್ಲೇ ಮತ್ತೆ ಆ ಹಾಳೆ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ.

ಬೀದಿದೀಪದ ವಿಷಯಕ್ಕೆ ಪೊಲೀಸರನ್ನು ದೂರಿ ಪ್ರಯೋಜನವಿಲ್ಲ. ಬಲ್ಬ್ ಕೆಟ್ಟಿದ್ದರೆ ನಗರಾಡಳಿತಕ್ಕೆ, ಕಂಬಕ್ಕೆ ಕರೆಂಟೇ ಬರದಿದ್ದರೆ ಹಾಸನದಲ್ಲಿ ಸೆಸ್ಕ್‌ಗೆ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂಗೆ ಹೇಳಬೇಕು. ವಿದ್ಯುತ್ ದೂರಿಗೆ ನಂಬರ್ 1912. ಕಂಬದ ಮೇಲೆ ಬರೆದಿರುವ ಸಂಖ್ಯೆ ಕೊಟ್ಟರೆ ಲೈನ್‌ಮನ್ ಹುಡುಕುತ್ತಾ ಅಲೆಯುವುದು ತಪ್ಪುತ್ತದೆ.

ಪ್ರಶ್ನೆ: ಮದುವೆಗೆಂದು ಹತ್ತು ದಿನ ಮನೆಗೆ ಬೀಗ ಹಾಕಿ ಹೋಗಬೇಕಾಗಿದೆ. ಠಾಣೆಗೆ ತಿಳಿಸಿ ಹೋಗಿ ಎನ್ನುತ್ತಾರೆ. ತಿಳಿಸಿದರೆ ನಿಜವಾಗಿ ಬಂದು ನೋಡುತ್ತಾರೆಯೇ? (ಜಯನಗರ, ಚಿಕ್ಕಮಗಳೂರು)

ಉತ್ತರ: ಬೀಗ ಹಾಕಿದ ಮನೆಗಳ ಪಟ್ಟಿ ಇದ್ದರೆ ರಾತ್ರಿ ಗಸ್ತಿನವರು ಆ ಕಡೆ ಸುತ್ತು ಹಾಕುತ್ತಾರೆ. ಆದರೆ ಒಂದು ರಾತ್ರಿಗೆ ಒಂದೆರಡು ಸಲ ಕೆಲವು ನಿಮಿಷ ನೋಡಿ ಹೋಗಬಹುದಷ್ಟೆ. ಮಿಕ್ಕ ಹೊತ್ತು ನೋಡಬೇಕಾದವರು ಅಕ್ಕಪಕ್ಕದವರು. ಚೀಟಿಯಲ್ಲಿ ವಿಳಾಸ, ಗುರುತಿಗೆ ಹತ್ತಿರದ ಅಂಗಡಿ ಅಥವಾ ದೇವಸ್ಥಾನ, ಹೋಗುವ ಮತ್ತು ಬರುವ ದಿನ, ನಿಮ್ಮ ನಂಬರ್, ಬೀಗದ ಕೈ ಯಾರ ಹತ್ತಿರ ಇದೆಯೋ ಅವರ ನಂಬರ್, ಮನೆಗೆ ಬಂದು ಹೋಗುವ ಹಕ್ಕಿರುವವರ ಹೆಸರು ಬರೆದುಕೊಡಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಗಿಡಕ್ಕೆ ನೀರು ಹಾಕಲು ಬಂದ ಭಾವಮೈದುನ ಗಸ್ತಿನವರ ಕೈಗೆ ಸಿಕ್ಕಿ ಪೇಚಾಡಬೇಕಾಗುತ್ತದೆ.

ಇನ್ನು ಬಾಗಿಲಿನ ಮಾತು. ಜನ ಬೀಗದ ಗಾತ್ರ ನೋಡುತ್ತಾರೆ, ಕಳ್ಳ ಚಿಲಕ ನೋಡುತ್ತಾನೆ. ಸಾವಿರ ರೂಪಾಯಿ ಬೀಗ ತೂಗುಹಾಕಿದ ಚಿಲಕವನ್ನು ಕದಕ್ಕೆ ಹಿಡಿದಿರುವುದು ಒಂದಿಂಚಿನ ನಾಲ್ಕು ಸ್ಕ್ರೂ. ಎರಡಡಿ ಕಬ್ಬಿಣದ ರಾಡು ಸಂದಿಗೆ ಹಾಕಿ ಮೀಟಿದರೆ ಬೀಗ ಬೀಗವಾಗಿಯೇ ಉಳಿದು ಸ್ಕ್ರೂ ಕಿತ್ತು ಬರುತ್ತವೆ. ನಮ್ಮ ಮಲೆನಾಡಿನ ಮಳೆಗೆ ನೆನೆದು ಮೆತ್ತಗಾದ ಮರದಲ್ಲಂತೂ ಸದ್ದೇ ಆಗುವುದಿಲ್ಲ. ಸ್ಕ್ರೂ ತೆಗೆಸಿ, ಕದದ ಈ ಕಡೆಯಿಂದ ಆ ಕಡೆಗೆ ಹಾಯುವ ಬೋಲ್ಟ್ ಹಾಕಿಸಿ, ನಟ್ಟು ಒಳಗಡೆ ಬರಲಿ. ಚೌಕಟ್ಟಿನ ಕಡೆಯ ಕೊಂಡಿಗೂ ಹಾಗೆಯೇ. ಬಡಗಿಗೆ ಅರ್ಧ ದಿನದ ಕೆಲಸ. ಸಾಧ್ಯವಾದರೆ ಮುಂಬಾಗಿಲಿಗೆ ಹೊರಗೆ ತೂಗುವ ಬೀಗವೇ ಬೇಡ, ಕದದೊಳಗೆ ಕೂರುವ ಲಾಕ್ ಹಾಕಿಸಿ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ರಸ್ತೆಯಿಂದ ತಿಳಿಯಬಾರದು.

ಹಿಂಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಇರಲಿ. ಬಚ್ಚಲ ಕಡೆಯ ಬಾಗಿಲು ಎಂದರೆ ತೆಳು ಹಲಗೆ, ಒಂದು ಅಗುಳಿ. ಹೆಚ್ಚಿನವರು ಅಷ್ಟಕ್ಕೇ ಬಿಟ್ಟಿರುತ್ತಾರೆ. ಹೆಂಚಿನ ಮನೆಯಾದರೆ ಏಣಿ ಹೊರಗೆ ಬಿಡಬೇಡಿ. ಹಾರೆ, ಪಿಕಾಸಿ, ಗುದ್ದಲಿ ಹಿತ್ತಿಲಲ್ಲಿ ಒರಗಿಸಿಟ್ಟಿದ್ದರೆ ನಿಮ್ಮ ಮನೆ ಒಡೆಯಲು ನಿಮ್ಮದೇ ಸಾಮಾನು ಕೊಟ್ಟಂತೆ. ಬೀಗದ ಕೈಯನ್ನು ಹೂಕುಂಡದ ಕೆಳಗೆ, ಮೀಟರ್ ಬೋರ್ಡಿನ ಮೇಲೆ, ಶೂ ಒಳಗೆ ಇಡಬೇಡಿ; ಹುಡುಕುವವನು ಮೊದಲು ಅಲ್ಲೇ ಕೈ ಹಾಕುತ್ತಾನೆ.

ಖಾಲಿ ಮನೆ ತಾನೇ ಸಾರಿ ಹೇಳುತ್ತದೆ. ಗೇಟಿನ ಬುಡದಲ್ಲಿ ಮೂರು ದಿನದ ಪೇಪರ್, ನೀರು ಕಾಣದ ಹೊಸ್ತಿಲು, ಅಳಿಸಿದ ರಂಗೋಲಿಯ ಮೇಲೆ ಹೊಸದಿಲ್ಲ, ಹಗಲೂ ಉರಿಯುವ ವರಾಂಡದ ಬಲ್ಬು. ಪೇಪರ್ ಮತ್ತು ಹಾಲು ನಿಲ್ಲಿಸಿ. ಪಕ್ಕದ ಮನೆಯ ಅಕ್ಕನಿಗೆ ಹೇಳಿ ದಿನವೂ ಅಂಗಳಕ್ಕೆ ನೀರು ಹಾಕಿ ಎರಡೆಳೆ ರಂಗೋಲಿ ಬಿಡಿಸಿ. ಅವರು ಊರಿಗೆ ಹೋದಾಗ ನೀವು ಮಾಡಿ. ದೀಪಕ್ಕೆ ಟೈಮರ್ ಪ್ಲಗ್ ಸಿಗುತ್ತದೆ, ಸಂಜೆ ಆರೂವರೆಯಿಂದ ಹತ್ತೂವರೆಗೆ ಇಟ್ಟರೆ ಸಾಕು. ಪ್ರವಾಸದ ಫೋಟೊ ವಾಪಸು ಬಂದ ಮೇಲೆ ಸ್ಟೇಟಸ್‌ಗೆ ಹಾಕಿ. ಒಡವೆ ಲಾಕರಿನಲ್ಲಿರಲಿ, ಬೀರುವಿನಲ್ಲಿಟ್ಟು ಬೀರುವಿನ ಕೀ ಬೀರುವಿನ ಮೇಲೆಯೇ ಇಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಪ್ರಶ್ನೆ: 112ಕ್ಕೆ ಕರೆ ಮಾಡಿದರೆ ಮುಂದೆ ಸಾಕ್ಷಿ ಹೇಳಲು ಅಲೆಸುತ್ತಾರೆ ಎಂಬ ಭಯದಿಂದ ನಮ್ಮ ಬೀದಿಯಲ್ಲಿ ಯಾರೂ ಫೋನ್ ಮಾಡುವುದಿಲ್ಲ. ಏನು ಹೇಳಬೇಕು ಎಂದೂ ಗೊತ್ತಿಲ್ಲ. (ಬೇಲೂರು)

ಉತ್ತರ: ಕರೆ ಮಾಡಿದವರೆಲ್ಲ ಸಾಕ್ಷಿಗಳಾಗುವುದಿಲ್ಲ. ಒಂದು ವೇಳೆ ಹೇಳಿಕೆ ಬೇಕಾದರೂ ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ವರ್ಷ ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಅವರಿರುವ ಮನೆಯಲ್ಲೇ ವಿಚಾರಿಸಬೇಕು, ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಇದನ್ನೇ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಹಗಲು ಇರುವವರಲ್ಲಿ ಹೆಚ್ಚಿನವರು ಈ ಪಟ್ಟಿಯೊಳಗೆ ಬರುತ್ತಾರೆ.

ಹೇಳುವ ಕ್ರಮ ಹೀಗಿರಲಿ: ಮೊದಲು ಜಾಗ, ಆಮೇಲೆ ಸಂಗತಿ. ‘ಬೇಲೂರು, ಇಂಥ ಬೀದಿ, ಇಂಥ ದೇವಸ್ಥಾನದ ಹಿಂದಿನ ಮೂರನೇ ಮನೆ. ಮನೆಯವರು ಊರಲ್ಲಿಲ್ಲ. ಈಗ ಇಬ್ಬರು ಕಾಂಪೌಂಡ್ ಹಾರಿ ಒಳಗೆ ಹೋದರು. ಹೊರಗೆ ಕಪ್ಪು ಬೈಕಿನಲ್ಲಿ ಇನ್ನೊಬ್ಬ ಇದ್ದಾನೆ.’ ಫೋನ್ ಮಧ್ಯದಲ್ಲಿ ಕಟ್ಟಾದರೂ ಜಾಗ ತಿಳಿದಿದ್ದರೆ ವಾಹನ ಹೊರಡುತ್ತದೆ. ಸಾರ್, ಬೇಗ ಬನ್ನಿ ಸಾರ್ ಎಂದು ಕೂಗುತ್ತಲೇ ಅರ್ಧ ನಿಮಿಷ ಕಳೆಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ವಾಹನದ ನಂಬರ್ ಪೂರ್ತಿ ಕಾಣದಿದ್ದರೆ ಕೊನೆಯ ನಾಲ್ಕು ಅಂಕಿ ಸಾಕು. ಬಟ್ಟೆಯ ಬಣ್ಣಕ್ಕಿಂತ ಚಪ್ಪಲಿ ಅಥವಾ ಶೂ, ನಡಿಗೆ, ಎತ್ತರ ನೆನಪಿಟ್ಟುಕೊಳ್ಳಿ. ಮೇಲಂಗಿ ಬಿಚ್ಚಿ ಎಸೆಯುವುದು ಸುಲಭ. ಬೀಟ್ ಪೊಲೀಸರಿಗೆ ಕರೆ ಎರಡನೆಯದು, 112 ಮೊದಲನೆಯದು. ಬೀಟ್ ಪೊಲೀಸರು ರಜೆಯಲ್ಲಿರಬಹುದು, ಕೋರ್ಟ್ ಡ್ಯೂಟಿಯಲ್ಲಿರಬಹುದು. 112 ಯಾವಾಗಲೂ ಎತ್ತುತ್ತದೆ. ನಿಮ್ಮ ಬೀದಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸರಿಯಾಗಿ ಬರುತ್ತದೆ ಎಂದೂ ಮೊದಲೇ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಬೀದಿಯವರು ದುಡ್ಡು ಸೇರಿಸಿ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಬೈಕ್ ಕಳವಾದಾಗ ನೋಡಿದರೆ ಮುಖವೂ ಇಲ್ಲ, ನಂಬರೂ ಇಲ್ಲ. ಎಲ್ಲಿ ತಪ್ಪಾಯಿತು? (ಅರಸೀಕೆರೆ)

ಉತ್ತರ: ಬಹುಶಃ ಎತ್ತರದಲ್ಲಿ. ತಾರಸಿಯ ಅಂಚಿಗೆ ಹದಿನೈದು ಅಡಿ ಮೇಲೆ ಹಾಕಿದರೆ ಕಾಣುವುದು ತಲೆ ಮತ್ತು ಟೋಪಿ. ಬೀದಿಯ ಎರಡು ತುದಿಯಲ್ಲಿ ಒಂದೊಂದು ಕ್ಯಾಮೆರಾವನ್ನಾದರೂ ಎಂಟೊಂಬತ್ತು ಅಡಿಗೆ ಇಳಿಸಿ, ಜನ ಎದುರಿಗೆ ನಡೆದು ಬರುವ ದಿಕ್ಕಿಗೆ ತಿರುಗಿಸಿ. ನಂಬರ್ ಪ್ಲೇಟಿಗೆ ಬೇರೆಯೇ ಕ್ಯಾಮೆರಾ ಬೇಕು. ರಾತ್ರಿ ಹೆಡ್‌ಲೈಟ್ ಎದುರಿಗೆ ಬಿದ್ದರೆ ಚಿತ್ರ ಬೆಳ್ಳಗಾಗುತ್ತದೆ, ಹಾಗಾಗಿ ವಾಹನದ ಹಿಂಭಾಗ ಕಾಣುವಂತೆ, ಹಂಪ್ ಇರುವ ಕಡೆ ಹಾಕಿಸಿ. ಅಲ್ಲಿ ವೇಗ ತಗ್ಗಿರುತ್ತದೆ.

ಜಾಗದ ಲೆಕ್ಕ ನೋಡಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡುವಿಲ್ಲದೆ ಚಿತ್ರಿಸಿದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ. ಒಂದು ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದು ಅಳಿಯತೊಡಗುತ್ತದೆ. ಊರಿಗೆ ಹೋದವರು ಹದಿನೈದು ದಿನ ಬಿಟ್ಟು ಬಂದು ಕೇಳಿದರೆ ಕೊಡಲು ಏನೂ ಇರುವುದಿಲ್ಲ. ಒಂದು ತಿಂಗಳು ಉಳಿಯಬೇಕಾದರೆ ಮೂರು ಟಿಬಿಯಾದರೂ ಬೇಕು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಗಡಿಯಾರ. ಇಂಟರ್‌ನೆಟ್ ಇಲ್ಲದ, ಕ್ಯಾಮೆರಾ ಚಿತ್ರಿಸಿದ್ದನ್ನು ಉಳಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನಲ್ಲಿ, ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಸಮಯ ಎಲ್ಲಿಗೋ ಹೋಗಿರುತ್ತದೆ. ಒಂದು ಮನೆಯ ಕ್ಯಾಮೆರಾ 2.10 ಎನ್ನುತ್ತದೆ, ಎದುರು ಮನೆಯದು 2.34. ಒಬ್ಬ ಮನುಷ್ಯ ಬೀದಿಯಿಂದ ಬೀದಿಗೆ ಹೋದ ದಾರಿಯನ್ನು ಪೊಲೀಸರು ಜೋಡಿಸುವುದು ಈ ಸಮಯದಿಂದಲೇ. ಪ್ರತಿ ತಿಂಗಳ ಒಂದನೇ ತಾರೀಖು ಮೊಬೈಲಿನ ಸಮಯಕ್ಕೆ ಸರಿಹೊಂದಿಸಿ. ಆದರೆ ಕಳ್ಳತನವಾದ ಮೇಲೆ ಸರಿಮಾಡಲು ಹೋಗಬೇಡಿ. ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಬರೆದಿಡಿ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ದೀಪಕ್ಕೆ ಅದೇ ಹೊಳೆದು ಪರದೆಯಾಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ. ಡಿವಿಆರ್ ಟಿವಿ ಪಕ್ಕ ಬೇಡ, ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ.

ಪೊಲೀಸರಿಗೆ ಕೊಡುವಾಗ ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿದ್ದನ್ನು ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಡಿವಿಆರ್‌ನಿಂದ ನೇರ ಪೆನ್‌ಡ್ರೈವ್‌ಗೆ ಇಳಿಸಬೇಕು, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದರ ನಮೂನೆ ತನಿಖಾಧಿಕಾರಿ ತಿಳಿಸುತ್ತಾರೆ. ಆ ದೃಶ್ಯವನ್ನು ಗ್ರೂಪುಗಳಿಗೆ ಹರಿಬಿಡಬೇಡಿ. ನಿಜವಾದ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ, ಹೋಲುವ ಇನ್ನೊಬ್ಬ ಪೆಟ್ಟು ತಿನ್ನುತ್ತಾನೆ. ಎದುರು ಮನೆಯ ಕಿಟಕಿಯೊಳಗೆ ಕ್ಯಾಮೆರಾ ಇಣುಕದಂತೆಯೂ ನೋಡಿಕೊಳ್ಳಿ.

ಪ್ರಶ್ನೆ: ಕೊಯ್ಲಿನ ಹೊತ್ತಿನಲ್ಲಿ ಕಣದಿಂದ ಕಾಫಿ ಕಳುವಾಗುತ್ತಿದೆ. ಮನೆಯಿಂದ ಕಣಕ್ಕೆ ಇನ್ನೂರು ಮೀಟರ್. ಹೊರಗಿನ ಕೂಲಿಯವರ ಮೇಲೆ ಎಲ್ಲರಿಗೂ ಅನುಮಾನ. (ಮೂಡಿಗೆರೆ)

ಉತ್ತರ: ಅನುಮಾನಕ್ಕಿಂತ ಲೆಕ್ಕ ಮೊದಲು. ಪಾರ್ಚ್‌ಮೆಂಟ್ (ತಿರುಳು ತೆಗೆದು ತೊಳೆದ ಬೀಜ) ಕಣದಲ್ಲಿ ಒಣಗಲು ಒಳ್ಳೆಯ ಬಿಸಿಲಿದ್ದರೆ ವಾರದಿಂದ ಹತ್ತು ದಿನ, ಚೆರ್ರಿ (ಹಣ್ಣಾಗಿಯೇ ಒಣಗಿಸುವುದು) ಹನ್ನೆರಡರಿಂದ ಹದಿನೈದು ದಿನ. ಅಷ್ಟು ರಾತ್ರಿಯೂ ಮಾಲು ಬಯಲಲ್ಲಿರುತ್ತದೆ. ಎಷ್ಟಿತ್ತು ಎಂದು ಬರೆದಿಡದಿದ್ದರೆ ಎಷ್ಟು ಹೋಯಿತು ಎಂದು ದೂರಿನಲ್ಲಿ ಬರೆಯುವುದು ಹೇಗೆ? ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಮುಂಚೆ ಕುಂಟೆಯಿಂದ ಗೆರೆ ಎಳೆದು ಫೋಟೊ ತೆಗೆಯಿರಿ. ಹಿಂದೆ ರಾಗಿ ರಾಶಿಗೆ ಬೂದಿಯ ಗುರುತು ಹಾಕುತ್ತಿದ್ದರಲ್ಲ, ಅದೇ ಉಪಾಯ. ಬೆಳಿಗ್ಗೆ ಗೆರೆ ಕಲಕಿದ್ದರೆ ತಿಳಿಯುತ್ತದೆ. ಚೀಲಗಳಿಗೆ ನಂಬರ್ ಬರೆದು, ಬಾಯಿಯನ್ನು ನಿಮ್ಮದೇ ಬಣ್ಣದ ದಾರದಿಂದ ಹೊಲಿದು, ತೂಕವನ್ನು ಪುಸ್ತಕದಲ್ಲಿ ಬರೆಯಿರಿ. ಕದ್ದ ಚೀಲ ಸಿಕ್ಕಾಗ ಇದು ನನ್ನದು ಎಂದು ತೋರಿಸಲು ಬೇರೇನೂ ಇರುವುದಿಲ್ಲ.

ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಠಾಣೆಗೆ ಹೋಗಿ ಒಂದು ವಿಷಯ ಕೇಳಿಕೊಳ್ಳಿ: ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಗಸ್ತು ತೋಟದ ರಸ್ತೆ ಮುಖ್ಯರಸ್ತೆಗೆ ಸೇರುವ ಕಡೆ ನಿಲ್ಲಲಿ. ತೋಟದೊಳಗೆ ನೂರು ದಾರಿ, ಆದರೆ ಚೀಲ ಹೊತ್ತ ಜೀಪು ಹೊರಗೆ ಬರುವುದು ಒಂದೆರಡು ಕಡೆಯೇ. ಸುತ್ತಲಿನ ಕಾಫಿ ವ್ಯಾಪಾರಿಗಳನ್ನೂ ಕಾಣಿ. ಅಪರಿಚಿತರು ಒಂದೆರಡು ಚೀಲ ತಂದರೆ ಹೆಸರು, ಫೋನ್, ವಾಹನದ ನಂಬರ್ ಬರೆದುಕೊಳ್ಳಲಿ. ಕದ್ದದ್ದೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅದೂ ಅಪರಾಧ.

ಕೂಲಿಯವರ ಬಗ್ಗೆ: ಲೈನ್ ಮನೆಯಲ್ಲಿ (ತೋಟದ ಕೂಲಿಯವರ ಸಾಲುಮನೆ) ಇರುವ ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್, ಫೋಟೊ, ಊರಿನ ವಿಳಾಸ, ಕರೆತಂದ ಮೇಸ್ತ್ರಿಯ ನಂಬರ್ ಇಟ್ಟುಕೊಂಡು ಒಂದು ಪ್ರತಿ ಠಾಣೆಗೆ ಕೊಡಿ. ಸ್ಥಳೀಯರಿಗೂ ಅದೇ ನಿಯಮ ಇರಲಿ. ಮೂಲ ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದು ತಪ್ಪು. ರಾತ್ರಿ ಕಣದ ಹತ್ತಿರ ಜೀಪಿನ ಸದ್ದು ಮೊದಲು ಕೇಳುವುದು ಲೈನ್ ಮನೆಯವರಿಗೇ. ಅವರನ್ನು ಕಳ್ಳರಂತೆ ಕಂಡರೆ ಆ ಸುದ್ದಿ ನಿಮಗೆ ಎಂದೂ ಬರುವುದಿಲ್ಲ.

ಪ್ರಶ್ನೆ: ರಾತ್ರಿ ಬೀದಿಯಲ್ಲಿ ತಿರುಗುತ್ತಿದ್ದ ಒಬ್ಬನನ್ನು ಹುಡುಗರು ಹಿಡಿದು ಕಂಬಕ್ಕೆ ಕಟ್ಟಿದ್ದರು. ಪೊಲೀಸರು ಬಂದು ಹುಡುಗರನ್ನೇ ಬೈದರು. ಸರಿಯೇ? (ಕಡೂರು)

ಉತ್ತರ: ಪೊಲೀಸರು ಮಾಡಿದ್ದು ಸರಿ. ಸಾಮಾನ್ಯ ನಾಗರಿಕರು ಯಾರನ್ನಾದರೂ ಹಿಡಿಯಬಹುದಾದ ಸಂದರ್ಭ ಸಣ್ಣದು: ಕಣ್ಣೆದುರೇ ಜಾಮೀನಿಲ್ಲದ, ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ) ಅಪರಾಧ ನಡೆದಿರಬೇಕು, ಅಥವಾ ಆತ ಕೋರ್ಟು ಹಾಗೆಂದು ಸಾರಿದ ಘೋಷಿತ ಅಪರಾಧಿಯಾಗಿರಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ರಾತ್ರಿ ತಿರುಗುವುದು ಅಪರಾಧವಲ್ಲ. ಕಟ್ಟುವುದು, ಹೊಡೆಯುವುದು ಅಪರಾಧ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಗಾಳಿಸುದ್ದಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆತನ ಜೊತೆ ಬಂದಿದ್ದ ಗೆಳೆಯರೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರಷ್ಟೆ. ನಿಮ್ಮ ಹುಡುಗರನ್ನು ಕೂರಿಸಿಕೊಂಡು ಇದನ್ನು ಹೇಳಿ.

ಅವರಿಗೆ ಗಸ್ತು ತಿರುಗುವ ಆಸೆಯಿದ್ದರೆ ಎಸ್‌ಐ ಅವರ ಒಪ್ಪಿಗೆ ಪಡೆದು, ಯಾವ ರಾತ್ರಿ ಯಾರು ಎಂದು ಹೆಸರು ಕೊಟ್ಟು, ನಾಲ್ಕೈದು ಜನರ ತಂಡವಾಗಿ ಹೋಗಲಿ. ಕೈಯಲ್ಲಿ ಟಾರ್ಚ್, ಸೀಟಿ, ಫೋನ್ ಇರಲಿ, ದೊಣ್ಣೆ ಬೇಡ. ಸುತ್ತುವ ಹೊತ್ತು ದಿನವೂ ಬದಲಾಗಲಿ. ಪ್ರತಿ ರಾತ್ರಿ 12ಕ್ಕೂ 2ಕ್ಕೂ ಸೀಟಿ ಕೇಳಿಸಿದರೆ 12.30ಕ್ಕೆ ಬರಬಹುದು ಎಂದು ಕಳ್ಳನಿಗೆ ತಿಳಿಯುತ್ತದೆ.

ಪ್ರಶ್ನೆ: ಅಮ್ಮ ಹಾಸನದಲ್ಲಿ ಒಬ್ಬರೇ ಇದ್ದಾರೆ, ನಾವು ಬೆಂಗಳೂರಿನಲ್ಲಿ. ಏನೇನು ಎಚ್ಚರಿಕೆ ಹೇಳಬೇಕು?

ಉತ್ತರ: ಮೂರು ಮೋಸ ಅಮ್ಮನಿಗೆ ಬಾಯಿಪಾಠ ಆಗಲಿ. ಒಡವೆ ಪಾಲಿಶ್ ಮಾಡುತ್ತೇವೆ ಎಂದು ಬರುವವರು ಚಿನ್ನ ಕರಗಿಸುವ ಆಮ್ಲದಲ್ಲಿ ಅದ್ದುತ್ತಾರೆ. ಬಳೆ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ಎರಡನೆಯದು, ‘ನಾವು ಪೊಲೀಸರು, ಮುಂದಿನ ಬೀದಿಯಲ್ಲಿ ಗಲಾಟೆ ಆಗಿದೆ, ಸರ ಬಿಚ್ಚಿ ಪೇಪರಿನಲ್ಲಿ ಕಟ್ಟಿಕೊಡಿ ಅಜ್ಜಿ’ ಎನ್ನುವವರು. ಮನೆಗೆ ಹೋಗಿ ಬಿಚ್ಚಿದರೆ ಪೊಟ್ಟಣದಲ್ಲಿ ಕಲ್ಲಿರುತ್ತದೆ. ಒಡವೆ ಬಿಚ್ಚಿ ಎಂದು ಯಾವ ಪೊಲೀಸರೂ ಕೇಳುವುದಿಲ್ಲ. ಮೂರನೆಯದು, ನಸುಕಿನಲ್ಲಿ ರಂಗೋಲಿ ಹಾಕುವಾಗ ವಿಳಾಸ ಕೇಳುವ ನೆಪದಲ್ಲಿ ಬಗ್ಗುವ ಬೈಕಿನವರು. ಬೆನ್ನು ರಸ್ತೆಗೆ ಬೇಡ, ಸರದ ಮೇಲೆ ಸೆರಗಿರಲಿ, ಬೆಳಕು ಹರಿದ ಮೇಲೆ ಹಾಕಿದರಾಯಿತು. ಬಾಗಿಲಿಗೆ ಸರಪಳಿ ಹಾಕಿಸಿ. ಬೀಟ್ ಪೊಲೀಸರಿಗೂ ಪಕ್ಕದ ಮನೆಯವರಿಗೂ ನಿಮ್ಮ ನಂಬರ್ ಕೊಟ್ಟು, ಬೆಳಿಗ್ಗೆ 8ರೊಳಗೆ ಮುಂಬಾಗಿಲು ತೆಗೆಯದಿದ್ದರೆ ಫೋನ್ ಮಾಡಿ ಎಂದು ಹೇಳಿಡಿ.

ಪ್ರಶ್ನೆ: ಕಳ್ಳತನ ಆಗಿಯೇ ಹೋದರೆ ಮೊದಲ ಒಂದು ಗಂಟೆ ಏನು ಮಾಡಬೇಕು? (ಸಕಲೇಶಪುರ)

ಉತ್ತರ: ಒಳಗೆ ಹೋಗಬೇಡಿ, ಯಾರನ್ನೂ ಬಿಡಬೇಡಿ. ಸಮಾಧಾನ ಹೇಳಲು ಬಂದ ಮೂವತ್ತು ಜನ ಓಡಾಡಿದ ಮೇಲೆ ಪೊಲೀಸ್ ನಾಯಿಗೆ ವಾಸನೆ ಸಿಗುವುದಿಲ್ಲ, ಬೆರಳಚ್ಚಿನವರಿಗೆ ಬೀರುವಿನ ಹಿಡಿಯಲ್ಲಿ ನಿಮ್ಮವರದೇ ಗುರುತು ಸಿಗುತ್ತದೆ. ಚೆಲ್ಲಾಪಿಲ್ಲಿಯಾದ ಬಟ್ಟೆ ಮಡಚುವುದು, ನೆಲ ಗುಡಿಸುವುದು ಬೇಡ. 112ಕ್ಕೆ ಹೇಳಿ, ಹೊರಗೆ ಕೂತು ಪಟ್ಟಿ ಬರೆಯಿರಿ: ಒಡವೆಯ ಹೆಸರು, ಗ್ರಾಂ, ಬಿಲ್ಲು ಇದ್ದರೆ ಅದರ ತಾರೀಖು, ಮದುವೆ ಆಲ್ಬಮ್ಮಿನಲ್ಲಿ ಆ ಒಡವೆ ಕಾಣುವ ಫೋಟೊ. ಪಟ್ಟಿ ಅವಸರದಲ್ಲಿ ಅಪೂರ್ಣವಾದರೆ, ಆಮೇಲೆ ನೆನಪಾದದ್ದನ್ನು ಇನ್ನೊಂದು ಹೇಳಿಕೆಯಲ್ಲಿ ಸೇರಿಸಬಹುದು. ಬೆಲೆ ಮಾತ್ರ ಹಿಗ್ಗಿಸಬೇಡಿ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಬೇರೆ ಠಾಣೆಯ ವ್ಯಾಪ್ತಿ ಎಂದು ವಾಪಸು ಕಳುಹಿಸುವಂತಿಲ್ಲ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಈಗಿನ ಕಾನೂನು ಹೇಳುತ್ತದೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಪರಾಧ ಸಂಖ್ಯೆಯನ್ನು ಪಕ್ಕದಲ್ಲೇ ಬರೆದಿಡಿ. ಠಾಣೆಗೆ ಹೋದಾಗ ರೈಟರ್ ಮೊದಲು ಕೇಳುವುದು ಅದನ್ನೇ.